ಮನೆಯ ಗೋಡೆಯೂ ಚಿತ್ರಪ್ರದರ್ಶನವೂ

(ಅಂತಿಮ ಬಿ. ಎ. ವರ್ಗದ ವಿದ್ಯಾರ್ಥಿನಿ)

ಈ ಸಲದ ವಾರ್ಷಿಕ ಸಂಚಿಕೆಗೆ ಏನು ಬರೆಯುತ್ತಿರುವೆಯೆಂದು ಗೆಳತಿಯರು ಕೇಳಿದಾಗ, ‘ಮನೆಯೊಳಗೆ ನಡೆಸುವ ಚಿತ್ರಪ್ರದರ್ಶನದ ವಿಷಯ’ ಎಂದು ಹೇಳಿದೆ. ಒಬ್ಬಳು ಕೂಡಲೇ ‘ಟಿಕೇಟು ಎಷ್ಟು?’ ಎಂದಳು. ಇನ್ನೊಬ್ಬಳು ‘ನಿಮ್ಮ ಮನ್ಯಾಗ ಕೂಡ್ರಾಕ ಜಾಗಾ ಇಲ್ಲ, ಚಿತ್ರ ಎಲ್ಲಿ ಇಡತೀ?’ ಎಂದಳು. ಎರಡೂ ತಕ್ಕ ಪ್ರಶ್ನೆಗಳೇ. ಮೊದಲನೆಯದಕ್ಕೆ ಉತ್ತರ ಸುಲಭ: ಟಿಕೇಟು ಇಲ್ಲ, ಚಹಾ ಉಂಟು. ಎರಡನೆಯದಕ್ಕೆ ಉತ್ತರ ಹೇಳಲು ಈ ಲೇಖನವೆಲ್ಲ ಬೇಕಾದೀತು.

ಮನೆಯ ಪ್ರದರ್ಶನವೆಂದರೆ ಉಳ್ಳವರು ತಮ್ಮ ದಿವಾಣಖಾನೆಯಲ್ಲಿ ಬೆಲೆಬಾಳುವ ಚಿತ್ರ ತೂಗುಹಾಕಿ ಬೀಗರಿಗೆ ತೋರಿಸುವುದಲ್ಲ. ಜನರು ಉಂಡು, ಮಲಗಿ, ಜಗಳಾಡಿ, ಬಾಳುತ್ತಿರುವ ಮನೆಯೊಳಗೆ ನಮ್ಮ ಕಾಲದ ಕಲಾವಿದರ ಹೊಸ ಕೃತಿಗಳನ್ನು ಕೆಲವು ದಿನ ಇಟ್ಟು, ಗುರುತಿನವರಿಗೂ ಗುರುತಿಲ್ಲದವರಿಗೂ ಬಾಗಿಲು ತೆರೆಯುವುದು. ಮನೆಯವರು ಮನೆ ಬಿಟ್ಟು ಹೋಗುವುದಿಲ್ಲ, ಒಲೆ ಆರುವುದಿಲ್ಲ. ಇದರಿಂದ ಚಿತ್ರಕ್ಕೇನು ಲಾಭ, ಮನೆಗೇನು ಲಾಭ, ನೋಡುವವರಿಗೇನು ಲಾಭ ಎಂಬುದೇ ಇಲ್ಲಿ ವಿಚಾರಿಸತಕ್ಕ ಸಂಗತಿ.

ಮೊದಲು ಗ್ಯಾಲರಿಯ ಮಾತು. ಇಪ್ಪತ್ತನೆಯ ಶತಮಾನದಲ್ಲಿ ಚಿತ್ರಗಳನ್ನು ಬಿಳಿಯ ಗೋಡೆಯ, ಸಾಮಾನುಗಳಿಲ್ಲದ, ಹೆಚ್ಚಾಗಿ ಕಿಟಕಿಯೂ ಇಲ್ಲದ ಕೋಣೆಗಳಲ್ಲಿ ಒಂದಕ್ಕೊಂದು ದೂರದೂರ ತೂಗುಹಾಕುವ ಪದ್ಧತಿ ಜಗತ್ತಿನಲ್ಲೆಲ್ಲ ಹರಡಿತು. ಕಣ್ಣಿಗೆ ಚಿತ್ರವೊಂದನ್ನುಳಿದು ಬೇರೇನೂ ಬೀಳಬಾರದೆಂಬುದು ಅದರ ಉದ್ದೇಶ. ಚಿತ್ರದ ಮಟ್ಟಿಗೆ ಇದು ಒಳ್ಳೆಯದೇ. ಆದರೆ ನೋಡಲು ಬಂದವರ ಪಾಡೇನು? ಎರಡನೆಯ ವರ್ಷದ ಪ್ರವಾಸದಲ್ಲಿ ಬೆಂಗಳೂರಿನ ಒಂದು ದೊಡ್ಡ ಗ್ಯಾಲರಿಗೆ ಹೋಗಿದ್ದೆವು. ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ನಾನು ಬಾಗಿಲಲ್ಲಿ ಒಂದನ್ನು ಬಿಟ್ಟು ಒಂದನ್ನು ಮೆಟ್ಟಿಕೊಂಡು ನಿಂತಿದ್ದೆ. ಯಾರೂ ಬಯ್ಯಲಿಲ್ಲ, ಯಾರೂ ‘ಬಾ’ ಎಂದೂ ಅನ್ನಲಿಲ್ಲ. ಒಳಗೆ ಎಲ್ಲರೂ ಗುಡಿಯಲ್ಲಿದ್ದಂತೆ ಪಿಸುಮಾತಿನಲ್ಲಿದ್ದರು, ಆದರೆ ದೇವರು ಯಾವ ಕಡೆ ಎಂದು ನನಗೆ ತಿಳಿಯಲಿಲ್ಲ. ಮೂರನೆಯ ಚಿತ್ರ ಮುಟ್ಟುವ ಮೊದಲೇ ಹೊರಗೆ ಬಂದುಬಿಟ್ಟೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಪರೀಕ್ಷೆಯ ಕೋಣೆಯನ್ನು ನೋಡಿದರೆ ಆಗುವ ಅಂಜಿಕೆಯೇ ಅಲ್ಲಿಯೂ ಆಯಿತು.

ಹಾಗೆ ನೋಡಿದರೆ ನಮ್ಮ ಮನೆಗಳ ಗೋಡೆ ಎಂದೂ ಬರಿದಾಗಿರಲಿಲ್ಲ. ಹಾರ ಹಾಕಿದ ಹಿರಿಯರ ಫೋಟೊ, ಸ್ವಾಮಿಗಳ ಫೋಟೊ, ಹತ್ತಿ ಅಡತಿಯವರ ಕ್ಯಾಲೆಂಡರು. ಕಲಬುರಗಿಯ ಎಸ್. ಎಂ. ಪಂಡಿತರು ಬರೆದ ದೇವದೇವಿಯರು ಸಾವಿರಾರು ಮನೆಗಳನ್ನು ಸೇರಿದ್ದು ಕ್ಯಾಲೆಂಡರಿನ ದಾರಿಯಿಂದಲೇ. ವರ್ಷ ಮುಗಿದರೂ ತಾರೀಖಿನ ಹಾಳೆ ಹರಿದು ಚಿತ್ರ ಮಾತ್ರ ಉಳಿಸಿಕೊಳ್ಳುತ್ತಿದ್ದರು. ಇನ್ನು ಹುನಗುಂದ ಸೀಮೆಯ ಐಹೊಳೆಯಲ್ಲಿ ಮಾತೇ ತಿರುವುಮುರುವು. ಅಲ್ಲಿ ಕಲೆ ಮನೆಗೆ ಬರಲಿಲ್ಲ, ಮನೆಯೇ ಕಲೆಯೊಳಗೆ ಹೋಯಿತು. ಚಾಲುಕ್ಯರ ಗುಡಿಗಳಿಗೆ ಆತು ಮನೆಗಳೆದ್ದವು. ಗುಡಿಗಳ ಒಳಗೂ ಜನ ಇದ್ದರು. ಲಾಡಖಾನ್ ಎಂಬಾತನು ವಾಸಮಾಡಿದ್ದರಿಂದಲೇ ಅಲ್ಲಿಯ ಪ್ರಸಿದ್ಧ ಗುಡಿಗೆ ಇಂದಿಗೂ ಅವನ ಹೆಸರು. ಆ ಕಂಬಗಳ ಮಿಥುನಶಿಲ್ಪದ ನಡುವೆ ಆತ ಅಡುಗೆ ಎಲ್ಲಿ ಮಾಡಿಸುತ್ತಿದ್ದನೋ ಎಂದು ನಾನು ಹೋದಾಗಲೆಲ್ಲ ಯೋಚಿಸಿದ್ದುಂಟು.

ಆದರೆ ಇವು ಯಾವುವೂ ಬೇಕೆಂದು ಏರ್ಪಡಿಸಿದ ಪ್ರದರ್ಶನಗಳಲ್ಲ. ಅಂಥದೊಂದನ್ನು ನಮ್ಮ ನಾಡಿನಲ್ಲಿ ಕಾಣಬೇಕಾದರೆ ಬೆಂಗಳೂರಿಗೇ ಹೋಗಬೇಕು, ಮತ್ತು ಅಲ್ಲಿಗೆ ಬಾದಾಮಿಯಿಂದಲೇ ಒಂದು ದಾರಿ ಇದೆ. ಬಾದಾಮಿಯಲ್ಲಿ ಹುಟ್ಟಿದ ಆರ್. ಎಂ. ಹಡಪದ ಅವರು ೧೯೬೮ರಲ್ಲಿ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ತೆರೆದರು. ಅಲ್ಲಿ ಕಲಿತವರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರೂ ಒಬ್ಬರು. ಇವರು ಸೆಗಣಿ, ಕುಂಕುಮ, ನೂಲು ಮೊದಲಾದ ಮನೆಯ ಸಾಮಗ್ರಿಯಿಂದಲೇ ಕೃತಿ ಮಾಡಿ ಜಗತ್ತಿನ ಗಮನ ಸೆಳೆದವರು. ೧೯೯೮ರ ಅವರ ಒಂದು ಕೃತಿಯಲ್ಲಿ, ನೂರಾರು ಅಡಿ ಉದ್ದದ ನೂಲೆಳೆಗಳನ್ನು ಒಂದೊಂದಾಗಿ ಸೂಜಿಯ ಕಣ್ಣಿನಲ್ಲಿ ಹಾಯಿಸಿ, ಕುಂಕುಮ ಮತ್ತು ಅಂಟು ಬಳಿದು ಒಟ್ಟುಗೂಡಿಸಿ ಕೆಂಪು ಹಗ್ಗ ಮಾಡಿ ಕೋಣೆಯ ತುಂಬ ಬಿಟ್ಟಿದ್ದಾರೆ. ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ಉಳಿದಿವೆ. ಅದರ ಫೋಟೊವನ್ನು ಅಪ್ಪನಿಗೆ ತೋರಿಸಿದೆ. ‘ನೂಲ ಚಲೋ ಐತಿ, ಕೆಲಸ ಭಾಳ ಹಿಡದಿರಬೇಕ’ ಎಂದನು. ನೇಕಾರನ ಬಾಯಿಂದ ಇದಕ್ಕಿಂತ ದೊಡ್ಡ ಪ್ರಶಂಸೆ ನಾನು ಕೇಳಿಲ್ಲ.

ಇಂಥ ಕೃತಿಗಳನ್ನು ಕೊಳ್ಳುವವರು ಕಡಿಮೆ. ಕೊಳ್ಳುವವರಿಲ್ಲದ್ದನ್ನು ಇಡಲು ವ್ಯಾಪಾರದ ಗ್ಯಾಲರಿಗಳು ಹಿಂದೆಮುಂದೆ ನೋಡುವುದು ಸಹಜ. ಅವಕ್ಕೂ ಬಾಡಿಗೆ, ಸಂಬಳಗಳ ಖರ್ಚುಂಟು, ಮಾರಾಟದಲ್ಲಿ ಅರ್ಧದಷ್ಟು ಪಾಲು ತೆಗೆದುಕೊಳ್ಳುವವೂ ಉಂಟು. ಹಾಗಾದರೆ ಹೊಸದನ್ನು ಮಾಡಿ ನೋಡುವವರು ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಒಂದು ಮನೆಯೇ ಉತ್ತರವಾಯಿತು. ಬಡೋದೆಯಲ್ಲಿ ಕಲಿತು, ಚಿತ್ರಕಲಾ ಪರಿಷತ್ತಿನಲ್ಲಿ ಕಲೆಯ ಇತಿಹಾಸವನ್ನು ಬೋಧಿಸಿದ ಸುರೇಶ್ ಜಯರಾಮ್ ಅವರು ೨೦೦೩ರಲ್ಲಿ ಶಾಂತಿನಗರದ ತಮ್ಮ ಮನೆಯನ್ನೇ ಕಲಾವಿದರಿಗೆ ತೆರೆದಿಟ್ಟರು. ವಾಸ್ತುಶಿಲ್ಪಿ ಮೀತಾ ಜೈನ್ ಅದನ್ನು ಮನೆ, ಚಿತ್ರಶಾಲೆ, ಪ್ರದರ್ಶನದ ಕೋಣೆ ಮೂರೂ ಆಗುವಂತೆ ರೂಪಿಸಿದರು. ವಿಳಾಸವೇ ಅದರ ಹೆಸರು: ‘ಒನ್ ಶಾಂತಿರೋಡ್’. ದೇಶವಿದೇಶಗಳ ಕಲಾವಿದರು ಬಂದು ಅಲ್ಲಿ ಉಳಿಯುತ್ತಾರೆ, ಕೆಲಸ ಮಾಡುತ್ತಾರೆ, ಮಾಡಿದ್ದನ್ನು ಅಲ್ಲಿಯೇ ತೋರಿಸುತ್ತಾರೆ. ಉಪನ್ಯಾಸ, ಚರ್ಚೆಗಳೂ ನಡೆಯುತ್ತವೆ. ಇವೆಲ್ಲಕ್ಕೂ ನಡುವಿನ ಜಾಗ ಅಡುಗೆಮನೆ. ಚರ್ಚೆ ಶುರುವಾಗುವುದೂ ಮುಗಿಯುವುದೂ ಊಟದ ಸುತ್ತ.

ಆ ಗ್ಯಾಲರಿಯಿಂದ ಓಡಿಬಂದ ಮರುವರ್ಷ, ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮನೆಗೆ ಹೋದಾಗ ನಾನು ಅಲ್ಲಿಗೆ ಹೋಗಿದ್ದೆ. ಪ್ರದರ್ಶನದ ಕೃತಿಗಳೆಲ್ಲ ನನಗೆ ಅರ್ಥವಾದವೆಂದು ಸುಳ್ಳು ಹೇಳಲಾರೆ. ಆದರೆ ಚಪ್ಪಲಿಯ ಪ್ರಶ್ನೆ ಬರಲಿಲ್ಲ. ಮನೆಯೊಂದರೊಳಗೆ ಹೇಗೆ ಕಾಲಿಡಬೇಕು, ಎಲ್ಲಿ ಕೂಡಬೇಕು, ಕೊಟ್ಟ ಚಹಾದ ಲೋಟ ಎಲ್ಲಿಡಬೇಕು ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲವಷ್ಟೆ. ಅಂಜಿಕೆ ಹೋದ ಮೇಲೆ ಕಣ್ಣು ಚಿತ್ರದ ಕಡೆಗೆ ಹೋಯಿತು.

ಹೊರದೇಶಗಳಲ್ಲಿಯೂ ಇದು ಹೊಸತಲ್ಲ. ೧೯೮೬ರಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ಯಾನ್ ಹೂಟ್ ಎಂಬವರು ಐವತ್ತಕ್ಕೂ ಹೆಚ್ಚು ಕಲಾವಿದರ ಕೆಲಸವನ್ನು ಊರಿನ ಜನರ ಮನೆಗಳಲ್ಲಿ ಏರ್ಪಡಿಸಿದರು. ೧೯೯೧ರಲ್ಲಿ ಸ್ವಿಟ್ಜರ್‌ಲೆಂಡಿನ ಸಂಕ್ಟ್ ಗಾಲೆನ್ ಊರಿನಲ್ಲಿ ಹಾನ್ಸ್ ಉಲ್ರಿಚ್ ಓಬ್ರಿಸ್ಟ್ ಎಂಬ ಇಪ್ಪತ್ತಮೂರು ವರ್ಷದ ವಿದ್ಯಾರ್ಥಿ ತನ್ನ ಬಾಡಿಗೆಮನೆಯ ಅಡುಗೆಕೋಣೆಯಲ್ಲೇ ಪ್ರದರ್ಶನ ನಡೆಸಿದನು. ಅವನು ಅಲ್ಲಿ ಅಡುಗೆ ಮಾಡುತ್ತಲೇ ಇರಲಿಲ್ಲವಂತೆ; ಪುಸ್ತಕ ಪೇರಿಸಿದ್ದನಂತೆ. ಕಲಾವಿದ ಬೋಲ್ಟಾನ್ಸ್ಕಿ ಪಾತ್ರೆ ತೊಳೆಯುವ ಸಿಂಕಿನ ಕೆಳಗೆ ಉರಿಯುವ ಮೇಣಬತ್ತಿಯ ಬಿಂಬ ಬೀಳುವಂತೆ ಮಾಡಿದನು. ಮೂರು ತಿಂಗಳಲ್ಲಿ ನೋಡಲು ಬಂದವರು ಸುಮಾರು ಮೂವತ್ತು ಮಂದಿ. ಇಂದು ಓಬ್ರಿಸ್ಟ್ ಜಗತ್ತಿನ ಹೆಸರಾಂತ ಪ್ರದರ್ಶನ ಸಂಯೋಜಕರಲ್ಲಿ ಒಬ್ಬನು. ನಮ್ಮ ಕಾಲೇಜಿನ ಭಾಷಣಸ್ಪರ್ಧೆಗೆ ಮೂವತ್ತು ಜನ ಬಂದರೆ ನಾವು ಮೋರೆ ಸಣ್ಣ ಮಾಡುತ್ತೇವೆ!

ವಿದ್ಯಾರ್ಥಿಗಳಾದ ನಮಗೆ ಹೆಚ್ಚು ರುಚಿಸತಕ್ಕದ್ದು ಇಂಗ್ಲೆಂಡಿನ ಕೇಂಬ್ರಿಜಿನ ಕಥೆ. ಲಂಡನ್ನಿನ ಟೇಟ್ ಗ್ಯಾಲರಿಯಲ್ಲಿ ಕೆಲಸ ಮಾಡಿದ್ದ ಜಿಮ್ ಈಡ್ ಎಂಬವರು ಅಲ್ಲಿ ನಾಲ್ಕು ಮುರುಕು ಮನೆಗಳನ್ನು ಕೂಡಿಸಿ ಒಂದು ಮಾಡಿಕೊಂಡು, ೧೯೫೭ರಿಂದ ಹೆಂಡತಿಯೊಡನೆ ಅಲ್ಲಿ ಸಂಸಾರ ಮಾಡಿದರು. ಆ ಮನೆಯ ಹೆಸರು ಕೆಟಲ್ಸ್ ಯಾರ್ಡ್. ವಿಶ್ವವಿದ್ಯಾಲಯದ ಪಾಠಗಳು ನಡೆಯುವ ತಿಂಗಳುಗಳಲ್ಲಿ ಪ್ರತಿ ಮಧ್ಯಾಹ್ನ ಯಾವ ವಿದ್ಯಾರ್ಥಿಯಾದರೂ ಬಾಗಿಲ ಗಂಟೆ ಬಾರಿಸಬಹುದಾಗಿತ್ತು. ದೊಡ್ಡ ಕಲಾವಿದರ ಚಿತ್ರಗಳ ಪಕ್ಕದಲ್ಲಿಯೇ ಹೊಳೆದಂಡೆಯ ಉರುಟು ಕಲ್ಲುಗಳು, ತಟ್ಟೆಯಲ್ಲಿ ಒಂದು ನಿಂಬೆಹಣ್ಣು. ಎಲ್ಲಕ್ಕೂ ಒಂದೇ ಮರ್ಯಾದೆ. ಅಷ್ಟೇ ಅಲ್ಲ, ವಿದ್ಯಾರ್ಥಿಗಳು ಚಿತ್ರವನ್ನು ಎರವಲು ಪಡೆದು ತಮ್ಮ ಕೋಣೆಯಲ್ಲಿ ತೂಗುಹಾಕಿಕೊಳ್ಳಬಹುದಾಗಿತ್ತು. ೧೯೬೬ರಲ್ಲಿ ಈಡ್ ಅವರು ಮನೆಯನ್ನೂ ಸಂಗ್ರಹವನ್ನೂ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ನಮ್ಮ ಗ್ರಂಥಾಲಯದಿಂದ ಪುಸ್ತಕ ಎರವಲು ಸಿಗುವುದೇ ಕಷ್ಟವಾಗಿರುವಾಗ ಚಿತ್ರದ ಮಾತು ದೂರ ಉಳಿಯಿತು, ಇರಲಿ.

ಇದನ್ನೆಲ್ಲ ಓದಿ ನನಗೂ ಹುಚ್ಚು ಹಿಡಿಯಿತು. ನನ್ನ ಊರು ಇಳಕಲ್ಲು. ನಮ್ಮದು ಮಣ್ಣುಗೋಡೆಯ ಮನೆ, ಪಡಸಾಲೆಯಲ್ಲಿ ಕುಣಿಮಗ್ಗ. ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಈಗ ಬೇರೊಂದು ಊರಿನ ಕಲಾಶಾಲೆಯಲ್ಲಿದ್ದಾಳೆ. ಅವಳ ತಂದೆ ಕಲ್ಲಿನ ಕೆಲಸಕ್ಕೆ ಹೋಗುವವರು. ಇಳಕಲ್ಲಿನ ಕೆಂಪು ಕಲ್ಲನ್ನು ಕೊರೆದು ಉಜ್ಜುವಾಗ ಬೀಳುವ ಪುಡಿಯನ್ನು ಸೋಸಿ, ಅಂಟಿನಲ್ಲಿ ಕಲಸಿ, ರಟ್ಟಿನ ಮೇಲೆ ಪದರಪದರವಾಗಿ ಬಳಿದು ಅವಳು ನಾಲ್ಕು ಚಿತ್ರ ಮಾಡಿದ್ದಳು. ಅವುಗಳಲ್ಲಿ ಮನುಷ್ಯರಿಲ್ಲ, ಗಿಡವಿಲ್ಲ. ಕೆಂಪಿನೊಳಗೆ ಕೆಂಪು, ಅಲ್ಲಲ್ಲಿ ಉಗುರಿನಿಂದ ಗೀರಿದ ಗೆರೆ. ದೀಪಾವಳಿಯ ರಜೆಯಲ್ಲಿ ಎರಡು ದಿನ ನಮ್ಮ ಮನೆಯಲ್ಲಿ ಇಡೋಣವೆಂದು ನಿಶ್ಚಯಿಸಿದೆವು. ಬಾಗಿಲಿಗೆ ಒಂದು ಹಾಳೆ ಅಂಟಿಸಿ ‘ಚಿತ್ರಪ್ರದರ್ಶನ. ಎಲ್ಲರಿಗೂ ಸ್ವಾಗತ’ ಎಂದು ದಪ್ಪ ಅಕ್ಷರದಲ್ಲಿ ನಾನೇ ಬರೆದೆ.

ಪುಸ್ತಕದಲ್ಲಿ ಇಲ್ಲದ ಪಾಠಗಳು ಆಗ ಶುರುವಾದವು. ‘ಗ್ವಾಡಿಗೆ ಮಳಿ ಹೊಡದರ ಮಣ್ಣ ಉದರತೈತಿ’ ಎಂದು ಅವ್ವ ತಕರಾರು ತೆಗೆದಳು. ನಾಗೊಂದಿಗೆಯ ಗೂಟಗಳಿಗೆ ಹುರಿ ಕಟ್ಟಿ ಇಳಿಬಿಟ್ಟೆವು. ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು ಐದು ಅಡಿ ಎತ್ತರಕ್ಕೆ ಬರುವಂತೆ ಹಾಕುವರು. ನಿಂತು ನೋಡುವವರ ಕಣ್ಣಿಗೆ ಅದು ಸರಿ. ನಾವೂ ಹಾಗೆಯೇ ಮಾಡಿದೆವು. ಆದರೆ ಬಂದವರೆಲ್ಲ ಜಮಖಾನೆಯ ಮೇಲೆ ಕೂತುಬಿಟ್ಟು ಕತ್ತು ಮೇಲೆತ್ತಿ ನೋಡತೊಡಗಿದರು. ಮಧ್ಯಾಹ್ನದೊಳಗೆ ಎಲ್ಲವನ್ನೂ ಒಂದೂವರೆ ಅಡಿ ಕೆಳಗಿಳಿಸಿದೆವು. ಬಾಗಲಕೋಟೆಯ ಹಳೆಯ ಊರಿನಲ್ಲಿದ್ದ ನನ್ನ ಸೋದರಮಾವನ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಅವರೀಗ ನವನಗರದಲ್ಲಿದ್ದಾರೆ, ಅಲ್ಲಿ ಹಾಲಿನಲ್ಲಿ ಸೋಫಾ ಇದೆ. ಅಲ್ಲಿ ಇಟ್ಟರೆ ಮತ್ತೊಂದು ಅಳತೆ ಬೇಕಾಗುತ್ತಿತ್ತು. ಮನೆಯ ಪ್ರದರ್ಶನಕ್ಕೆ ಒಂದೇ ಲೆಕ್ಕವಿಲ್ಲ, ಆ ಮನೆಯವರು ಹೇಗೆ ಕೂಡುತ್ತಾರೋ ಅದೇ ಲೆಕ್ಕ.

ಬೆಳಕಿನದು ಇನ್ನೊಂದು ಪಾಡು. ನೇರ ಬಿಸಿಲು ಬಣ್ಣಕ್ಕೂ ಕಾಗದಕ್ಕೂ ಶತ್ರು. ಶಕ ೫೦೦, ಅಂದರೆ ಕ್ರಿ. ಶ. ೫೭೮ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ಕಲ್ಲು ಉಳಿದಂತೆ ಬಣ್ಣ ಉಳಿಯಲಿಲ್ಲ. ಒಂದು ಕಾಲದ ಚಿತ್ರಗಳ ತುಣುಕುಗಳು ಮಾತ್ರ ಮಸುಕಾಗಿ ಕಾಣುತ್ತವೆ. ನಮ್ಮ ಮನೆಗೆ ಕಿಟಕಿ ಕಡಿಮೆ, ಮೇಲೆ ಬೆಳಕಿಂಡಿ ಇದೆ. ಹನ್ನೊಂದು ಗಂಟೆಗೆ ಅದರಿಂದಿಳಿದ ಬಿಸಿಲಿನ ತುಂಡು ಎರಡನೆಯ ಚಿತ್ರದ ಮೇಲೆ ಬಂದು ಕೂತು, ಅರ್ಧ ತಾಸಿನಲ್ಲಿ ಸರಿದುಹೋಯಿತು. ಆ ಅರ್ಧ ತಾಸು ಕಲ್ಲಿನ ಪುಡಿ ಮಿಣಮಿಣ ಹೊಳೆಯಿತು. ಅಂಥ ಬೆಳಕನ್ನು ಯಾವ ಗ್ಯಾಲರಿಯವರೂ ಹೊಂದಿಸಿ ಕೊಡಲಾರರು. ಮಗ್ಗ ಮಾತ್ರ ನಿಲ್ಲಲಿಲ್ಲ. ‘ಎರಡ ದಿನಾ ಮಗ್ಗಾ ನಿಂದ್ರಸಿದರ ಸೀರಿ ಯಾರ ಕೊಡತಾರ?’ ಎಂದ ಅಪ್ಪನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹಲಗೆಯ ಪೆಟ್ಟಿಗೆ ಗೋಡೆ ಅದುರಿ ಚಿತ್ರಗಳು ಸೊಟ್ಟಗಾಗುವುವು. ತಾಸಿಗೊಮ್ಮೆ ನೆಟ್ಟಗೆ ಮಾಡುವುದು ನನ್ನ ತಂಗಿಯ ಉದ್ಯೋಗವಾಯಿತು.

ನೋಡಲು ಬಂದವರ ಮಾತು ಕೇಳಬೇಕಾಗಿತ್ತು. ‘ಇದ ಏನ ಬೇ, ಗ್ವಾಡಿ ಬಳದಂಗ ಐತಿ’ ಎಂದಳು ಪಕ್ಕದ ಮನೆಯ ಕಾಕಿ. ಕಲ್ಲು ಪಾಲಿಶ್ ಮಾಡುವ ಇಬ್ಬರು ಬಂದಿದ್ದರು. ಅವರಲ್ಲೊಬ್ಬನು ಚಿತ್ರದ ಹತ್ತಿರ ಮುಖವೊಯ್ದು, ‘ಇದು ನಮ್ಮ ಪುಡಿ! ದಿನಾ ಎದಿಯೊಳಗ ಹೋಗೂದು ಇದ’ ಎಂದನು. ಆಮೇಲೆ ಬಹಳ ಹೊತ್ತು ಮಾತಾಡದೆ ನಿಂತಿದ್ದನು. ಗ್ಯಾಲರಿಯಲ್ಲಿ ಇದೇ ಚಿತ್ರಕ್ಕೆ ಒಂದು ಪುಟದ ವಿವರಣೆ ಬರೆದು ಅಂಟಿಸಬೇಕಾಗುತ್ತಿತ್ತು. ಇಲ್ಲಿ ವಿವರಣೆ ಕೊಡಬಲ್ಲವರೇ ನೋಡಲು ಬಂದಿದ್ದರು. ಮನೆಯ ಪ್ರದರ್ಶನದ ದೊಡ್ಡ ಲಾಭ ಇದೆಂದು ನಾನು ತಿಳಿದಿದ್ದೇನೆ.

ಆದರೆ ಇನ್ನೊಂದು ಸಂಗತಿಯನ್ನು ಬಿಟ್ಟರೆ ಈ ಲೇಖನ ಸುಳ್ಳಾದೀತು. ಮನೆಗೆ ಗ್ಯಾಲರಿಗಿಂತ ಹೆಚ್ಚು ಬಾಗಿಲುಗಳಿವೆ. ಕಟ್ಟೆ, ಪಡಸಾಲೆ, ನಡುಮನೆ, ಅಡುಗೆಮನೆ. ಯಾರು ಎಲ್ಲಿಯವರೆಗೆ ಬರಬೇಕೆಂಬುದನ್ನು ಎಲ್ಲಿಯೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ನನ್ನ ಗೆಳತಿ ಕೇರಿಯವಳು. ಹಿಂದಿನ ಸಂಜೆ ಚಿತ್ರಗಳನ್ನು ತಂದವಳು ಕಟ್ಟೆಯ ಮೇಲಿಂದಲೇ ನನ್ನ ಕೈಗೆ ಕೊಟ್ಟಿದ್ದಳು. ತೂಗುಹಾಕಿದ್ದು ನಾನೂ ತಂಗಿಯೂ. ಮರುದಿನ ಜನ ಬರತೊಡಗಿದಾಗಲೂ ಅವಳು ಕಟ್ಟೆಯ ಮೇಲೆಯೇ ಕೂತಿದ್ದಳು. ಬಂದವರಿಗೆ ‘ಒಳಗ ಹೋಗ್ರಿ, ನೋಡ್ರಿ’ ಎಂದು ಹೇಳುತ್ತಿದ್ದವಳು ಅವಳೇ. ಸ್ವಾಗತದ ಹಾಳೆ ಅವಳ ತಲೆಯ ಮೇಲೆಯೇ ಇತ್ತು. ನಾನು ಎರಡು ಸಲ ‘ಒಳಗ ಬಾರ’ ಎಂದೆ. ‘ಇಲ್ಲೇ ಗಾಳಿ ಐತಿ’ ಎಂದಳು. ಮೂರನೆಯ ಸಲ ನಾನು ಕರೆಯಲಿಲ್ಲ. ಏಕೆ ಕರೆಯಲಿಲ್ಲವೆಂದು ನನಗೆ ಗೊತ್ತು.

ಮಧ್ಯಾಹ್ನ ಚಿತ್ರಗಳನ್ನು ಕೆಳಗಿಳಿಸುವಾಗ ಒಂದರ ಹುರಿ ಬಿಚ್ಚಿತು. ಮತ್ತೆ ಕಟ್ಟುವಾಗ ಯಾವ ಕಡೆ ಮೇಲೆಂದು ಯಾರಿಗೂ ತಿಳಿಯಲೊಲ್ಲದು. ನಾನೊಂದು ಹೇಳಿದೆ, ತಂಗಿಯೊಂದು ಹೇಳಿದಳು. ನೂಲು ಸುತ್ತುತ್ತ ಕೂತಿದ್ದ ಆಯಿ ಬೇಸತ್ತು, ‘ಮಾಡಿದಾಕಿ ಹೊರಗ ಕುಂತಾಳಲ್ಲ, ಆಕಿನ್ನ ಕರೀರಿ. ಏ ತಂಗಿ, ಬಾ ಇಲ್ಲೆ, ಇದರ ತಲಿ ಯಾವದು ತೋರಸು’ ಎಂದು ಕೂಗಿದಳು. ಗೆಳತಿ ಹೊಸ್ತಿಲಿನಲ್ಲಿ ಒಂದು ಕ್ಷಣ ನಿಂತು ಪಡಸಾಲೆಗೆ ಬಂದಳು. ಚಿತ್ರವನ್ನು ತಿರುಗಿಸಿ ತೂಗುಹಾಕಿದಳು; ನಾವಿಬ್ಬರೂ ಹೇಳಿದ್ದು ತಪ್ಪಾಗಿತ್ತು. ಆಮೇಲೆ ಸಂಜೆಯವರೆಗೂ, ಮರುದಿನವೂ ಅವಳು ಜಮಖಾನೆಯ ಮೇಲೆ ಕೂತು ಕೇಳಿದವರಿಗೆಲ್ಲ ತನ್ನ ಕೆಲಸದ ಬಗೆ ವಿವರಿಸಿದಳು. ಪಕ್ಕದ ಕಾಕಿ ಮರುದಿನ ಬರಲಿಲ್ಲ. ಅಪ್ಪ ಏನೂ ಅನ್ನಲಿಲ್ಲ. ಲಾಳಿ ಎಂದಿನಂತೆ ಓಡುತ್ತಿತ್ತು.

ಹೋಗುವಾಗ ಅವಳು ನಾಲ್ಕನೆಯ ಚಿತ್ರವನ್ನು ಅವ್ವನಿಗೆ ಕೊಟ್ಟಳು. ಅವ್ವ ಅದನ್ನು ರೊಟ್ಟಿ ಬಡಿಯುವಾಗ ಕಣ್ಣೆದುರಿಗೆ ಬರುವಂತೆ ಅಡುಗೆಮನೆಯಲ್ಲಿ ಹಾಕಿಕೊಂಡಿದ್ದಾಳೆ. ಮೊಳೆಯನ್ನು ಅವಳೇ ಹೊಡೆದಳು, ಮಣ್ಣು ಉದುರಿತು. ಈಗ ಕೆಂಪಿನ ಮೇಲೆ ಸ್ವಲ್ಪ ಹೊಗೆ ಕೂತು ಬಣ್ಣ ಮಾಗಿದಂತಾಗಿದೆ.

ಕಳೆದ ತಿಂಗಳು ಗೆಳತಿ ಬಂದಿದ್ದಳು. ಪಡಸಾಲೆಯಲ್ಲಿ ಕೂತು ಚಹಾ ಕುಡಿದು, ‘ನನ್ನ ಚಿತ್ರ ಹೆಂಗೈತಿ?’ ಎಂದು ಕೇಳಿದಳು. ನಾನು ಅಡುಗೆಮನೆಯ ಕಡೆ ನೋಡಿದೆ. ಬಾಗಿಲಲ್ಲಿ ಆಯಿ ಕಾಳು ಹಸನು ಮಾಡುತ್ತ ಕೂತಿದ್ದಳು. ಫೋನಿನಲ್ಲಿ ತೆಗೆದಿಟ್ಟ ಫೋಟೊ ತೋರಿಸಿದೆ. ಅವಳು ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿ, ಹೊಗೆ ಕೂತ ಮೂಲೆಯನ್ನು ಬಹಳ ಹೊತ್ತು ನೋಡಿದಳು.